ಜಮಖಾನ: ಬಿಸಿಲು, ಬಡಿಗೆ, ನುಸಿಗುಳಿಗೆ

ಶಿರೋಳದ ಮನೆಗಳಲ್ಲಿ ಬೀಗರು ಬಂದರೂ, ಭಜನೆಗೆ ಓಣಿಯವರು ಸೇರಿದರೂ ಮೊದಲು ಹಾಸುವುದು ಜಮಖಾನ. ನರಗುಂದ ದಾಟಿ ಹುಬ್ಬಳ್ಳಿ ರಸ್ತೆ ಹಿಡಿದರೆ ಸಿಗುವ ನವಲಗುಂದ ಜಮಖಾನಕ್ಕೇ ಹೆಸರಾದ ಊರು. ಅಲ್ಲಿನ ನೇಯ್ಗೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ನೇಯುವ ಊರು ಇಷ್ಟು ಹತ್ತಿರವಿದ್ದರೂ ತಪ್ಪು ತಿಳಿವಳಿಕೆಗಳಿಗೆ ಬರವಿಲ್ಲ.

ತಪ್ಪು ಕಲ್ಪನೆ: ನವಿಲು, ಪಗಡೆಯ ಚಿತ್ತಾರವಿದ್ದರೆ ಅದು ನವಲಗುಂದದ್ದೇ.

ಸತ್ಯ: ಚಿತ್ತಾರವನ್ನು ಯಂತ್ರವೂ ನೇಯುತ್ತದೆ, ಅಚ್ಚಿನಲ್ಲೂ ಒತ್ತಬಹುದು. ನವಲಗುಂದದ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ಹಾಯಿಸಿ, ಕಬ್ಬಿಣದ ಹಲ್ಲಿನ ಪಂಜದಿಂದ ಬಡಿದು ಕೂರಿಸುತ್ತಾರೆ. ಹೊಕ್ಕಿನ ನೂಲು ಹಾಸು ನೂಲನ್ನು ಪೂರ್ತಿ ಮುಚ್ಚುವುದರಿಂದ ಚಿತ್ತಾರ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಮೂಡುತ್ತದೆ. ಅಚ್ಚು ಒತ್ತಿದ್ದನ್ನು ಮಗುಚಿದರೆ ಹಿಂಬದಿ ಮಸುಕು.

ತಪ್ಪು ಕಲ್ಪನೆ: ದಪ್ಪಗಿದ್ದಷ್ಟೂ ಬಾಳಿಕೆ ಹೆಚ್ಚು.

ಸತ್ಯ: ಬಾಳಿಕೆ ಬರುವುದು ಬಿಗಿಯಾದ ನೇಯ್ಗೆಯಿಂದ. ಉಗುರಿನಿಂದ ಎಳೆ ಸರಿಸಿ ನೋಡಿ. ಸುಲಭವಾಗಿ ಸರಿದರೆ ನೇಯ್ಗೆ ಸಡಿಲ.

ತಪ್ಪು ಕಲ್ಪನೆ: ಬಡಿಗೆಯಿಂದ ಬಡಿದರೇ ಧೂಳು ಹೋಗುವುದು.

ಸತ್ಯ: ಎರೆ ನೆಲದ ಊರಿನಲ್ಲಿ ಧೂಳೇ ದೊಡ್ಡ ಶತ್ರು, ನಿಜ. ಹೊಲದಿಂದ ಕಾಲಿಗಂಟಿ ಬಂದ ಮಣ್ಣು ಒಣಗಿ ಪುಡಿಯಾಗಿ ಎಳೆಗಳ ನಡುವೆ ಇಳಿಯುತ್ತದೆ. ತುಳಿದಾಗಲೆಲ್ಲ ನೂಲನ್ನು ಸವೆಸುತ್ತದೆ. ಆದರೆ ಬಡಿಗೆಯ ಏಟಿಗೆ ಧೂಳಿನ ಜೊತೆ ಅಂಚಿನ ಎಳೆಗಳೂ ಹರಿಯುತ್ತವೆ. ಇಬ್ಬರು ಎರಡು ತುದಿ ಹಿಡಿದು ಅಂಗಳದಲ್ಲಿ ಝಾಡಿಸಿದರೆ ಸಾಕು. ಹಸಿ ಎರೆ ಮೆತ್ತಿಕೊಂಡಿದ್ದರೆ ತಿಕ್ಕಬೇಡಿ. ಒಣಗಲು ಬಿಟ್ಟು ಕಸಬರಿಗೆಯಿಂದ ಗುಡಿಸಿ.

ತಪ್ಪು ಕಲ್ಪನೆ: ದಿನವಿಡೀ ಬಿಸಿಲಿಗೆ ಹಾಕಿದಷ್ಟೂ ಒಳ್ಳೆಯದು.

ಸತ್ಯ: ಕಡು ಬಿಸಿಲು ಬಣ್ಣವನ್ನು ತಿನ್ನುತ್ತದೆ. ತೊಳೆದ ಜಮಖಾನವನ್ನು ಗಾಳಿಯಾಡುವ ನೆರಳಲ್ಲಿ ಒಣಗಿಸಿ. ತೊಳೆಯುವ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಮನೆಯಲ್ಲಿ ನೆನೆಹಾಕಬೇಡಿ. ಹತ್ತದಿದ್ದರೆ ತಣ್ಣೀರು, ಸ್ವಲ್ಪವೇ ಸೋಪು. ದಪ್ಪ ಹತ್ತಿ ನಿಧಾನವಾಗಿ ಒಣಗುತ್ತದೆ. ತೇವ ಉಳಿದಿರುವಾಗಲೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ.

ತಪ್ಪು ಕಲ್ಪನೆ: ನುಸಿಗುಳಿಗೆ ಇಟ್ಟರೆ ಚಿಂತೆಯಿಲ್ಲ.

ಸತ್ಯ: ನುಸಿಯ ಮರಿಹುಳು ತಿನ್ನುವುದು ಉಣ್ಣೆ, ರೇಷ್ಮೆ, ಕೂದಲಿನಂಥ ಪ್ರಾಣಿಜನ್ಯ ನಾರನ್ನು. ಆ ಭಯ ಕುರಿ ಉಣ್ಣೆಯ ಕಂಬಳಿಗೆ, ಶುದ್ಧ ಹತ್ತಿಯ ಜಮಖಾನಕ್ಕಲ್ಲ. ಹತ್ತಿಯನ್ನು ಕೆಡಿಸುವುದು ತೇವ, ಗೆದ್ದಲು, ಇಲಿ. ಮಡಚಿದರೆ ಮಡಿಕೆ ಬಿದ್ದಲ್ಲಿ ನೂಲು ಸವೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಸುರುಳಿ ಸುತ್ತಿ, ಹಳೆಯ ಸೀರೆ ಹೊದಿಸಿ, ನೆಲ ಗೋಡೆಗೆ ತಾಗದಂತೆ ಎತ್ತರದಲ್ಲಿಡಿ.

ಕೊಳ್ಳಲು ಹೊರಡುವ ಮುನ್ನ ಕೋಣೆ ಅಳೆದುಕೊಳ್ಳಿ, ಅಂಗಡಿಯಲ್ಲಿ ಮಗುಚಿ ನೋಡಿ. ಮನೆಗೆ ತಂದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮಗ್ಗುಲು ಬದಲಿಸಿ. ಎರಡೂ ಕಡೆ ಬಳಸಬಹುದಾದ ಜಮಖಾನವನ್ನು ಒಂದೇ ಕಡೆ ಸವೆಸುವುದು ದುಡ್ಡು ದಂಡ.