ಆಯಿಯ ಹಾಡು ಉಳಿಯಿತು, ಬೀಸುಕಲ್ಲು ಮಾಯವಾಯಿತು

ಇವತ್ತು ಆ್ಯಪ್‌ಗಳ ಒಳಗೆ ಕೂತು ಧ್ವನಿಯನ್ನು ತಿದ್ದುವ ಸಾಫ್ಟ್‌ವೇರ್ ಲೈಬ್ರರಿಗಳ ಬಗ್ಗೆ ಮಾತಾಡೋಣ. ವಿಷಯ ತಾಂತ್ರಿಕ ಅನಿಸಬಹುದು, ಆದ್ರೆ ನನಗೆ ಇದರ ಬಿಸಿ ತಟ್ಟಿದ್ದು ಶೇಡಬಾಳದ ನಮ್ಮ ಮನೆಯ ಪಡಸಾಲೆಯಲ್ಲಿ.

ನಮ್ಮ ಆಯಿ ಬೀಸುತ್ತಾ ಹಾಡ್ತಿದ್ದಳು. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತ್ತು. ನಾನು ಕಾಡಿದ್ದಕ್ಕೆ ಒಂದು ದಿನ ಬೊಗಸೆ ಜೋಳ ಹಾಕಿ, ಕಲ್ಲು ತಿರುವುತ್ತಾ ಹಾಡಿದಳು. ಫೋನ್ ನೋಡಿ, "ಎಲ್ಲಾ ಕೇಳ್ತೈತೇನೋ ಅದಕ್ಕ?" ಅಂದಳು. ಕೇಳ್ತೈತಿ ಆಯಿ, ಅಂದೆ. ಆ್ಯಪ್‌ನಲ್ಲಿ ಗದ್ದಲ ತೆಗೆಯುವ ಆಯ್ಕೆ ಇತ್ತು, ಆನ್ ಮಾಡಿದ್ದೆ. ಆಮೇಲೆ ಕೇಳಿದ್ರೆ ಕಲ್ಲಿನ ಸದ್ದೇ ಇಲ್ಲ. ಸಾಲಿನ ಕೊನೆಗೆ ಆಯಿ ಎಳೆಯುತ್ತಿದ್ದ ದನಿಯೂ ಅರ್ಧಕ್ಕೇ ಕರಗಿತ್ತು. ಮತ್ತೊಮ್ಮೆ ಮಾಡಿದ್ರಾಯ್ತು ಅಂದುಕೊಂಡೆ. ಮರುವರ್ಷ ಆಯಿ ಹೋದಳು.

ಹೀಗೆ ಯಾಕಾಯ್ತು? ಮನೆ ಕಟ್ಟುವವರು ಮೊಳೆ, ಚಿಲಕ ಎಲ್ಲವನ್ನೂ ತಾವೇ ಮಾಡಲ್ಲ, ಅಂಗಡಿಯಿಂದ ತರ್ತಾರೆ. ಆ್ಯಪ್ ಮಾಡುವವರೂ ಅಷ್ಟೆ. ಕಡತ ಓದಿ ಬರೆಯಲು 2000ದಲ್ಲಿ ಶುರುವಾದ ಎಫ್‌ಎಫ್‌ಎಂಪೆಗ್ ಇದೆ. ಕರೆಗಳಿಗೆ ಗೂಗಲ್ 2011ರಲ್ಲಿ ಮುಕ್ತವಾಗಿ ಬಿಟ್ಟ ವೆಬ್‌ಆರ್‌ಟಿಸಿ ಇದೆ. ಅದರೊಳಗೆ ಪ್ರತಿಧ್ವನಿ ಅಳಿಸುವ, ಗದ್ದಲ ತಗ್ಗಿಸುವ, ದನಿಯ ಮಟ್ಟ ಸರಿದೂಗಿಸುವ ಮೂರು ಕೆಲಸಗಳೂ ಸಿದ್ಧವಾಗಿವೆ. 2017ರಲ್ಲಿ ಜ್ಯಾನ್ ಮಾರ್ಕ್ ವಾಲಿನ್ ಪರಿಚಯಿಸಿದ ಆರ್‌ಎನ್‌ನಾಯ್ಸ್ ಗದ್ದಲ ತೆಗೆಯಲೆಂದೇ ಇರುವ ಪುಟ್ಟ ಲೈಬ್ರರಿ.

ಕೆಲಸ ಹೇಗೆ ನಡೀತದೆ ನೋಡಿ. ಮೈಕ್ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುತ್ತದೆ ಅಂದುಕೊಳ್ಳಿ. ಲೈಬ್ರರಿ ಅದನ್ನು 10 ಮಿಲಿಸೆಕೆಂಡಿನ, ಅಂದ್ರೆ 480 ಅಳತೆಗಳ ತುಂಡುಗಳಾಗಿ ಎತ್ತಿಕೊಳ್ಳುತ್ತದೆ. ಪ್ರತಿ ತುಂಡಿನಲ್ಲೂ ತಗ್ಗಿನ ದನಿ ಎಷ್ಟು, ಏರು ದನಿ ಎಷ್ಟು ಎಂದು ಪಟ್ಟಿ ಪಟ್ಟಿಯಾಗಿ ಬಿಡಿಸುತ್ತದೆ. ಹಳೆಯ ವಿಧಾನದಲ್ಲಿ, ಹೊತ್ತು ಕಳೆದರೂ ಬದಲಾಗದೆ ಉಳಿದದ್ದು ಗದ್ದಲ. ಫ್ಯಾನಿನ ಸದ್ದು ಹಾಗೇ ಅಲ್ವಾ? ಹೊಸ ವಿಧಾನದಲ್ಲಿ, ಮಾತು ಮತ್ತು ಗದ್ದಲದ ಮಾದರಿಗಳನ್ನು ಕೇಳಿಸಿ ತರಬೇತಿ ಕೊಟ್ಟ ನ್ಯೂರಲ್ ನೆಟ್‌ವರ್ಕ್, ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕು ಅಂತ ತೀರ್ಮಾನಿಸುತ್ತದೆ.

ತೊಡಕು ಇರೋದು ಇಲ್ಲೇ. ಎರಡರಲ್ಲೂ ಇರುವುದು ಮಾತು, ಗದ್ದಲ ಅನ್ನೋ ಎರಡೇ ಗೂಡು. ಬೀಸುಕಲ್ಲು ಮಾತಲ್ಲ, ಹಾಗಾಗಿ ಗದ್ದಲ. ಒಂದೇ ಮಟ್ಟದಲ್ಲಿ ಎಳೆದ ದನಿಯೂ ಬದಲಾಗುವುದಿಲ್ಲ, ಅದಕ್ಕೂ ಕತ್ತರಿ ಬೀಳಬಹುದು. ನಮ್ಮೂರಿಗೆ ಹತ್ತಿರದ ಮಿರಜ್‌ನ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದೇ ತಂಬೂರಿಯನ್ನು ವಿಡಿಯೊ ಕರೆಯಲ್ಲಿ ಮೀಟಿ ನೋಡಿ, ಎಷ್ಟೋ ಸಲ ಆ ಕಡೆಯವರಿಗೆ ಶ್ರುತಿ ಆಗಾಗ ಮಾಯವಾಗುತ್ತದೆ. ಕಾರಣ ಇದೇ.

ಲೈಬ್ರರಿಯನ್ನು ಬೈದು ಪ್ರಯೋಜನವಿಲ್ಲ. ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಲಿ ಅಂತ ಮಾಡಿದ್ದನ್ನು ನಾನು ಹಾಡು ಹಿಡಿಯಲು ಬಳಸಿದೆ. ಬೇಡ ಅನ್ನುವ ದಾರಿಯೂ ಇದೆ. ಬ್ರೌಸರ್‌ನಲ್ಲಿ ನಡೆಯುವ ಆ್ಯಪ್ ಬರೆಯುವವರು ಆ ಮೂರೂ ಕೆಲಸಗಳನ್ನು ಬೇರೆ ಬೇರೆಯಾಗಿ ನಿಲ್ಲಿಸುವಂತೆ ಕೇಳಬಹುದು. ಆಂಡ್ರಾಯ್ಡ್ 7ರಿಂದ, ಫೋನ್ ಒಪ್ಪಿದರೆ, ತಿದ್ದದ ಧ್ವನಿಯನ್ನೇ ಪಡೆಯುವ ಆಯ್ಕೆಯೂ ಇದೆ. ಆ್ಯಪ್ ಮಾಡುವ ಗೆಳೆಯರಿಗೆ ನನ್ನದೊಂದೇ ಮನವಿ: ಆ ಸ್ವಿಚ್ಚನ್ನು ಬಳಸುವವರ ಕೈಗೂ ಕೊಡಿ.

ಮನೆಯ ಹಿರಿಯರ ಹಾಡು ಹಿಡಿಯುವವರು ಮೊದಲು ಗದ್ದಲ ತೆಗೆಯುವ ಆಯ್ಕೆ ಆಫ್ ಮಾಡಿ. ವೇವ್ ಕಡತವಾಗಿ ಉಳಿಸಿ. ಒಂದೇ ಮೈಕ್, 48,000 ಅಳತೆ, 16 ಬಿಟ್ ಆದರೆ ನಿಮಿಷಕ್ಕೆ 6 ಎಂಬಿಯೂ ಆಗಲ್ಲ. ತಿದ್ದುವುದನ್ನು ನಕಲಿನ ಮೇಲೆ ಮಾಡಿ. ತೆಗೆದ ಸದ್ದನ್ನು ಮತ್ತೆ ತರಲಾಗದು, ಇದ್ದ ಸದ್ದನ್ನು ಯಾವಾಗ ಬೇಕಾದ್ರೂ ತೆಗೆಯಬಹುದು.

ಈಗ ಓಣಿಯ ಹಿರಿಯರನ್ನು ರೆಕಾರ್ಡ್ ಮಾಡುವಾಗ ರೈಲಿನ ಸದ್ದು ಬಂದ್ರೂ ಬರಲಿ ಅಂತ ಬಿಡ್ತೀನಿ. ಎಲ್ಲಾ ಕೇಳ್ತೈತೇನೋ ಅಂತ ಯಾರಾದ್ರೂ ಕೇಳಿದ್ರೆ, ಹೌದು ಅಂತ ಹೇಳೋ ಮುಂಚೆ ಸೆಟ್ಟಿಂಗ್ಸ್ ನೋಡ್ತೀನಿ.