ಉಳೀತಾನೇನ್ರಿ? 0.89. ಮೊದಲಿನಂಗ ಆಗ್ತಾನೇನ್ರಿ? 0.61.

ಬೀದರ್ ಜಿಲ್ಲೆಯ ಹುಡಗಿ, ಹುಮನಾಬಾದ್ ಸುತ್ತ ಬೈಕಿನಿಂದ ಬಿದ್ದವನನ್ನು 108ರಲ್ಲಿ ಹಾಕಿದರೆ ಬೀದರ್ ಸುಮಾರು 50 ಕಿ.ಮೀ., ಕಲಬುರಗಿ ಸುಮಾರು 60. ಗ್ಲಾಸ್ಗೋ ಅಂಕ 15ಕ್ಕೆ 8 ಅಥವಾ ಅದಕ್ಕೂ ಕಡಿಮೆ ಬಂದರೆ ತಲೆಪೆಟ್ಟು ತೀವ್ರ. ಐಸಿಯು ಬಾಗಿಲಲ್ಲಿ ಮನೆಯವರು ಕೇಳುವುದು ಮೇಲಿನ ಎರಡೇ ಪ್ರಶ್ನೆ.

ಪೆಟ್ಟಾದ ಮಿದುಳಿನಿಂದ ರಕ್ತಕ್ಕೆ ಸೋರುವ ಪ್ರೋಟೀನುಗಳಲ್ಲಿ ಉತ್ತರ ಹುಡುಕುವ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಸದ್ಯ ಮುಂದಿರುವುದು ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1. ಅಳತೆ ಪಿಕೋಗ್ರಾಂನಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. 2018ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಪರೀಕ್ಷೆಯಲ್ಲಿ ಗಡಿ ಮಿಲಿಲೀಟರಿಗೆ ಕ್ರಮವಾಗಿ 22 ಮತ್ತು 327. ಆದರೆ ಅದು ಲಘು ಪೆಟ್ಟಿನವರಿಗೆ ಸಿಟಿ ಸ್ಕ್ಯಾನ್ ಬೇಕೋ ಬೇಡವೋ ನೋಡಲು. ತೀವ್ರ ಪೆಟ್ಟಿಗೆ ಸ್ಕ್ಯಾನ್ ತಪ್ಪಿದ್ದಲ್ಲ.

ಮುಂದೇನಾದೀತು ಎಂಬ ಒಂದು ಲೆಕ್ಕ ಬಂದದ್ದು 2022ರಲ್ಲಿ, ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನದಿಂದ. ಲಘು ಪೆಟ್ಟಿನವರೂ ಸೇರಿದ 1,696 ಜನ. ಪೆಟ್ಟಾದ ದಿನದ ರಕ್ತ, ಆರು ತಿಂಗಳ ಬಳಿಕದ ಸ್ಥಿತಿ. ಮುನ್ಸೂಚನೆಯ ಅಂಕ 0.5 ಬಂದರೆ ನಾಣ್ಯ ಚಿಮ್ಮಿದಷ್ಟೇ, 1 ಬಂದರೆ ಕರಾರುವಾಕ್ಕು. ಸಾವಿನ ಮುನ್ಸೂಚನೆಯಲ್ಲಿ ಜಿಎಫ್‌ಎಪಿ 0.87, ಯುಸಿಎಚ್-ಎಲ್1 0.89. ಚೇತರಿಕೆ ಪೂರ್ತಿಯಾಗುವುದೋ ಇಲ್ಲವೋ ಎಂಬುದರಲ್ಲಿ 0.62 ಮತ್ತು 0.61. ಎರಡನೇ ಪ್ರಶ್ನೆಗೆ ರಕ್ತ ಹೆಚ್ಚುಕಡಿಮೆ ಮೂಕ.

ರಸ್ತೆಯ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಯುಸಿಎಚ್-ಎಲ್1 ಸುಮಾರು 8 ಗಂಟೆಗೆ, ಜಿಎಫ್‌ಎಪಿ ಸುಮಾರು 20 ಗಂಟೆಗೆ ಏರಿಕೆಯ ತುದಿ ಮುಟ್ಟುತ್ತವೆ. ಬಿದ್ದ ಹೊತ್ತು ಚೀಟಿಯಲ್ಲಿ ಬರೆಯದಿದ್ದರೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗದು. ಎನ್‌ಎಸ್‌ಇ ಎಂಬ ಹಳೆಯ ಸೂಚಕದ್ದು ಇನ್ನೊಂದು ತಕರಾರು: ಅದು ಕೆಂಪು ರಕ್ತಕಣದಲ್ಲೂ ಇದೆ. ಟ್ಯೂಬು ಕುಲುಕಿ ಕಣ ಒಡೆದರೆ ಮಿದುಳಿನದಲ್ಲದ ಎನ್‌ಎಸ್‌ಇ ಲೆಕ್ಕಕ್ಕೆ ಸೇರುತ್ತದೆ. ಎಸ್100ಬಿ ಎಂಬ ಮತ್ತೊಂದು ಸೂಚಕ ಮೂಳೆ ಮುರಿದರೂ ಏರುತ್ತದೆ; ಬೈಕಿನಿಂದ ಬಿದ್ದವನ ಕಾಲು ಮುರಿದಿರುವುದೂ ಉಂಟು.

ವಯಸ್ಸು, ಕೈಕಾಲಿನ ಸ್ಪಂದನೆ, ಟಾರ್ಚ್ ಬೆಳಕಿಗೆ ಕಣ್ಣಪಾಪೆ ಕುಗ್ಗುವುದು: ಇಂಪ್ಯಾಕ್ಟ್ ಎಂಬ ಮುನ್ಸೂಚನೆ ಸೂತ್ರದ ತಿರುಳು ಈ ಮೂರೇ, ಖರ್ಚಿಲ್ಲ. ಇವುಗಳ ಜತೆ ರಕ್ತದ ಅಂಕಿ ಸೇರಿದರೆ ಸಾವಿನ ಅಂದಾಜು ಇನ್ನಷ್ಟು ಗಟ್ಟಿಯಾಗುತ್ತದೆ, ನಿಜ.

ಹಣದ ಲೆಕ್ಕ ಬೇರೆ. 2016ರ ರಾಜ್ಯದ ಹರೀಶ್ ಸಾಂತ್ವನ ಯೋಜನೆಯಲ್ಲಿ ಮೊದಲ 48 ಗಂಟೆಗೆ 25,000 ರೂ.ವರೆಗೆ. 2025ರ ಕೇಂದ್ರದ ನಗದುರಹಿತ ಯೋಜನೆಯಲ್ಲಿ 7 ದಿನಕ್ಕೆ 1.5 ಲಕ್ಷ ರೂ.ವರೆಗೆ. ಫಲಿತಾಂಶ ಅಳೆಯುವುದು ಆರು ತಿಂಗಳಿಗೆ. ನಡುವಿನ ಸುಮಾರು 170 ದಿನದ ಫಿಸಿಯೋಥೆರಪಿ, ಮೂಗಿನ ನಳಿಕೆ, ಬೆನ್ನಹುಣ್ಣಿನ ಆರೈಕೆ ಈ ಎರಡೂ ಯೋಜನೆಗಳ ಅವಧಿಯಾಚೆ. ಬೀದರಿಗೆ ಹಣ ಬಂದರೆ ಪಿಕೋಗ್ರಾಂ ಯಂತ್ರಕ್ಕಿಂತ ಮೊದಲು ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ಬರಲಿ ಎಂಬ ಪಕ್ಷ ನನ್ನದು.