ಅಪ್ಪಣೆಯಿಲ್ಲದೆ ಊರೊಳಗೆ ಬರಬೇಡಿ ಸಾಹೇಬರೇ

ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವವರು ದುರ್ಗಾಂಬೆಯ ದರ್ಶನಕ್ಕೆ ಹೋಗುತ್ತಾರೆ, ಇಲ್ಲವೇ ಜಾತ್ರೆಗೆ ಬರುವ ಎತ್ತಿನ ಗಾಡಿಗಳನ್ನು ನೋಡಲು ಹೋಗುತ್ತಾರೆ. ನಾನು ಹೋದದ್ದೂ ಎತ್ತಿನ ನೆಪದಲ್ಲೇ. ಆ ಸೀಮೆಯ ಮನೆಯೊಂದರ ಕೊಟ್ಟಿಗೆಯಲ್ಲಿ ಜಾತ್ರೆಗೆ ಹೂಡುವ ಜೋಡಿಯನ್ನು ತೋರಿಸುತ್ತಿದ್ದರು. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ಎತ್ತುಗಳ ಹಿಂದಿದ್ದ ತಗಡಿನ ಮೇಲೆ. ಕರುವನ್ನು ತಾಯಿಯಿಂದ ಬೇರೆ ಕಟ್ಟಲು ಅಡ್ಡ ನಿಲ್ಲಿಸಿದ್ದ ತಗಡು. ಹಸಿರು ಬಣ್ಣ ಮುಕ್ಕಾಲು ಉದುರಿದೆ, ಗಂಜಳ ತಾಗಿ ಕೆಳಗಿನ ಅಂಚನ್ನು ತುಕ್ಕು ತಿಂದಿದೆ. ಬಿಳಿಯಲ್ಲಿ ಬರೆದ ‘ಅಧಿಕಾರಿಗಳು’ ಎಂಬ ಪದ ಮಾತ್ರ ಗಟ್ಟಿಯಾಗಿ ಉಳಿದಿದೆ. ಅದರ ಕೆಳಗಿನ ಸಾಲಿನಲ್ಲಿ ‘ಅಪ್ಪಣೆ’ ಎಂದಿರಬೇಕು, ಒಂದು ಒತ್ತಕ್ಷರ ಕಾಣುತ್ತದೆ.

‘ಯಜಮಾನ್ರೇ, ಇದು ಸಂಘದ ಬೋರ್ಡಲ್ವಾ?’

‘ಹೂಂ ಕಣಪ್ಪಾ. ಊರ ಬಾಗ್ಲಲ್ಲಿತ್ತು. ರಸ್ತೆ ಅಗಲ ಮಾಡೋವಾಗ ಕಿತ್ತು ಬಿಸಾಕಿದ್ರು. ತಗಡು ಗಟ್ಟಿ ಐತೆ ಅಂತ ತಂದಿಟ್ಕಂಡೆ.’

ಎತ್ತುಗಳ ಸುಳಿ, ಕೊಂಬು, ಬೆಲೆ ಎಲ್ಲವನ್ನೂ ಅವರು ಹೇಳುತ್ತಲೇ ಇದ್ದರು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ತಗಡು ಒರೆಸತೊಡಗಿದೆ.

ಎಂಬತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಫಲಕವನ್ನು ಪರಿಚಯಿಸಬೇಕಾಗಿಲ್ಲ. ಪದಗಳು ಊರಿಂದೂರಿಗೆ ಬದಲಾಗುತ್ತಿದ್ದವು, ತಾತ್ಪರ್ಯ ಒಂದೇ: ಸಾಲ ವಸೂಲಿಗೆ ಬರುವ ಅಧಿಕಾರಿಗಳು ರೈತ ಸಂಘದ ಅಪ್ಪಣೆಯಿಲ್ಲದೆ ಈ ಊರಿನೊಳಗೆ ಕಾಲಿಡುವಂತಿಲ್ಲ. ಅಲ್ಲಿಯತನಕ ಜೀಪು ಬಂದರೆ ಹಿತ್ತಿಲ ಬಾಗಿಲಿಂದ ಹೊಲಕ್ಕೆ ಓಡುತ್ತಿದ್ದವರು ಈಗ ಜೀಪನ್ನೇ ಊರಾಚೆ ನಿಲ್ಲಿಸಿದರು. ಇದರ ಹಿಂದಿದ್ದ ತಲೆ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಅವರದು. ಎತ್ತಿನ ಬಾಲ ತಿರುಚಿದವರಲ್ಲ, ಕಾನೂನು ಪಾಠ ಹೇಳುತ್ತಿದ್ದವರು. ಹೇಗ್‌ನಲ್ಲಿ ಅಂತರರಾಷ್ಟ್ರೀಯ ಕಾನೂನು ಓದಿ ಬಂದ ಮೇಷ್ಟರೊಬ್ಬರು ತಹಶೀಲ್ದಾರರಿಗೆ ಬರೆಸಿದ ಈ ಒಂದು ಸಾಲು, ಅವರ ಎಲ್ಲ ಭಾಷಣಗಳಿಗಿಂತ ಹೆಚ್ಚು ದೂರ ಹೋಯಿತು ಎಂದು ನನಗನ್ನಿಸುತ್ತದೆ.

ಯಜಮಾನರ ನೆನಪು ಕಾನೂನಿನದಲ್ಲ, ಹಂಡೆಯದು. ಸಾಲದ ಕಂತು ತಪ್ಪಿದ ಮನೆಗೆ ಜಪ್ತಿಗೆ ಬಂದವರು ಬಚ್ಚಲ ಹಂಡೆ, ಕೊಪ್ಪರಿಗೆ, ಪಂಪ್‌ಸೆಟ್ಟು, ಕೊನೆಗೆ ಬಾಗಿಲನ್ನೂ ಕಳಚಿ ಒಯ್ಯುತ್ತಿದ್ದ ಕಾಲ. ‘ಹಂಡೆ ಹೋದ್ರೆ ಹೋಯ್ತು, ಹೆಂಗಸ್ರು ನೋಡ್ತಾ ನಿಂತಿರ್ತಾರಲ್ಲಪ್ಪ, ಅದು.’ ಸಂಘ ಇದಕ್ಕೆ ಕೊಟ್ಟ ಉತ್ತರವೇ ಮರುಜಪ್ತಿ. ಹಸಿರು ಟವೆಲ್ಲು ಹೊದ್ದ ಗುಂಪು ಹಗಲು ಹೊತ್ತಿನಲ್ಲೇ ಹೋಗಿ ಒಯ್ದ ಸಾಮಾನನ್ನು ಎತ್ತಿಕೊಂಡು ಬಂದು ಮನೆಯವರಿಗೆ ಒಪ್ಪಿಸುತ್ತಿತ್ತು. ಇವರ ಮನೆಯ ಹಂಡೆಯೂ ಹೀಗೆ ವಾಪಸು ಬಂತಂತೆ. ಬರುವಾಗ ಒಂದು ಕಡೆ ಜಜ್ಜಿತ್ತು. ಆ ಜಜ್ಜಿದ ಹಂಡೆ ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ ಮನೆಯೊಳಗಿಂದ ಹೆಣ್ಣುದನಿಯೊಂದು, ‘ಸೋಲಾರ್ ಹಾಕ್ಸಿದ್ ಮೇಲೆ ತೂಕಕ್ಕೆ ಹಾಕಿದ್ವಿ’ ಎಂದಿತು.

ಸಂಘ ಹುಟ್ಟಿದ್ದು ಇಲ್ಲಿಂದ ಬಹಳ ದೂರವೇನಲ್ಲ. ಶಿವಮೊಗ್ಗ ಸೀಮೆಯ ಕಬ್ಬು ಬೆಳೆಗಾರರ ಸಿಟ್ಟು ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಅವರಂಥವರ ನೇತೃತ್ವದಲ್ಲಿ ಮಡುಗಟ್ಟುತ್ತಿದ್ದಾಗಲೇ, 1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಕಡಿದಾಳು ಶಾಮಣ್ಣ, ಮೂಡಿಗೆರೆಯ ತೇಜಸ್ವಿ, ಮೈಸೂರಿನ ಕೆ. ರಾಮದಾಸ್ ಮೊದಲಾದ ಸಮಾಜವಾದಿ ಗೆಳೆಯರ ಬಳಗದಿಂದ ಬಂದ ನಂಜುಂಡಸ್ವಾಮಿ ಅದರ ದನಿಯಾದರು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂಬ ಘೋಷಣೆ ಆ ಹೊತ್ತಿನದು. ಬೆಳೆಗೆ ನ್ಯಾಯವಾದ ಬೆಲೆ ಕೊಡದೆ ವರ್ಷಾನುಗಟ್ಟಲೆ ಉಳಿಸಿಕೊಂಡದ್ದನ್ನು ಲೆಕ್ಕ ಹಾಕಿದರೆ ಸಾಲ ಚುಕ್ತಾ ಆಗಿ ಸರ್ಕಾರವೇ ಕೊಡುವುದು ಉಳಿಯುತ್ತದೆ ಎಂಬ ವಾದ. ಬ್ಯಾಂಕಿನವರಿಗೆ ಇದು ಉಡಾಫೆ. ಈರುಳ್ಳಿ ಬೆಳೆದು ಲಾರಿ ಬಾಡಿಗೆಯೂ ಹುಟ್ಟದೆ ವಾಪಸು ಬಂದ ಅಜ್ಜಂಪುರದ ರೈತನಿಗೆ ಶುದ್ಧ ಗಣಿತ.

ಮುಂದಿನದು ಹಳೆಯ ಪತ್ರಿಕೆ ತಿರುವಿದವರಿಗೆ ಗೊತ್ತಿರುವ ಪಟ್ಟಿ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ನೀಲಗಿರಿ ಸಸಿ ಕಿತ್ತದ್ದು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಯಲ್ಲಿ ಸುಟ್ಟದ್ದು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪನಿಯ ಕಟ್ಟಡ ಕೆಡವಿದ್ದು. 1996ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಕೆಂಟಕಿ ಕೋಳಿ ಅಂಗಡಿಯ ಮೇಲೆ ದಾಳಿ ಮಾಡಿದ್ದು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಹೊಲದಲ್ಲಿ ಮಾನ್ಸಾಂಟೊ ಕಂಪನಿಯ ಹತ್ತಿ ಗಿಡಗಳ ದಹನ. ಪ್ರತಿ ಸಲವೂ ಪತ್ರಕರ್ತರ ಪ್ರಶ್ನೆ ಒಂದೇ, ಗಾಂಧಿ ಹೆಸರು ಹೇಳುತ್ತ ಇದೇನು ಹಿಂಸೆ? ಪ್ರೊಫೆಸರರ ಉತ್ತರವೂ ಬದಲಾಗಲಿಲ್ಲ: ಹಿಂಸೆ ಎನ್ನುವುದು ಜೀವವಿರುವುದಕ್ಕೆ ಆಗುವಂಥದ್ದು, ಜಡವಸ್ತುವಿಗಲ್ಲ. ಈ ಮಾತು ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಕಿಟಕಿ ಗಾಜಿಗೆ ನೋವಾಗುವುದಿಲ್ಲ, ಸರಿ. ಕಿಟಕಿಯ ಹಿಂದೆ ಕೂತ ಗುಮಾಸ್ತನ ಎದೆ ಹೊಡೆದುಕೊಂಡದ್ದು ಯಾವ ಲೆಕ್ಕಕ್ಕೆ?

ನನಗೆ ಇವುಗಳಿಗಿಂತ ಪ್ರಿಯವಾದದ್ದು ನಗುವ ಚಳವಳಿ. ವಿಧಾನಸೌಧದ ಮುಂದೆ ರೈತರನ್ನು ಸೇರಿಸಿ, ಮನವಿಯಿಲ್ಲ, ಬೇಡಿಕೆಯಿಲ್ಲ, ಸರ್ಕಾರವನ್ನು ನೋಡಿ ದಿನವಿಡೀ ನಕ್ಕುಬಿಡುವುದು. ಯುರೋಪಿನ ಚಳವಳಿಗಾರರು ಈ ಕಥೆಯನ್ನು ಇನ್ನೂ ಹೇಳಿಕೊಳ್ಳುತ್ತಾರೆ, ಅದೂ ಒಂದು ಬಾಲ ಸೇರಿಸಿ: ಮರುವಾರವೇ ಸರ್ಕಾರ ಬಿತ್ತಂತೆ. ಬಾಲವನ್ನು ನಾನು ನಂಬುವುದಿಲ್ಲ. ಕರ್ನಾಟಕದಲ್ಲಿ ಸರ್ಕಾರ ಬೀಳಿಸಲು ಒಳಗಿನವರೇ ಧಾರಾಳ, ಹೊರಗಿನ ನಗು ಬೇಕಿಲ್ಲ. ಆದರೆ ಲಾಠಿ ಹಿಡಿದ ಪೊಲೀಸರ ಪಾಡನ್ನು ಯೋಚಿಸಿ. ಘೋಷಣೆ ಕೂಗಿದರೆ ಬಂಧಿಸಬಹುದು, ಕಲ್ಲೆಸೆದರೆ ಹೊಡೆಯಬಹುದು. ನಗುವವನ ಮೇಲೆ ಯಾವ ಸೆಕ್ಷನ್ನು? ಗಟ್ಟಿಯಾಗಿ ನಗಲು ಶುರುಮಾಡಿದ ಮೊದಲಿಗ ಯಾರು, ಅವನಿಗೆ ನಿಜವಾಗಿ ನಗು ಬಂತೋ, ಬಲವಂತಕ್ಕೆ ನಕ್ಕನೋ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಗು ನಿಂತಿತೋ? ಯಜಮಾನರಿಗೂ ಇದನ್ನು ಕೇಳಿದೆ. ಅವರು ನಗುವುದಕ್ಕೆ ಹೋದವರಲ್ಲ. ಹೋದದ್ದು 1993ರ ಗಾಂಧಿ ಜಯಂತಿಗೆ, ಕಬ್ಬನ್ ಪಾರ್ಕಿನ ಬೀಜ ಸತ್ಯಾಗ್ರಹಕ್ಕೆ. ‘ರೈಲಲ್ಲಿ ಹೋದ್ವಿ. ಟಿಕೆಟ್ಟಾ? ಟವೆಲ್ಲೇ ಟಿಕೆಟ್ಟು ಕಣಪ್ಪಾ ಆವಾಗ!’

‘ಪ್ರೊಫೆಸರ್ ಏನು ಹೇಳಿದ್ರು ಅವತ್ತು?’

‘ಡಂಕೆಲ್ಲು ಅಂದ್ರು. ಬಿತ್ತನೆ ಬೀಜ ನಿಮ್ದು, ಅದನ್ನ ಯಾರಿಗೂ ಬಿಟ್ಕೊಡ್ಬೇಡಿ ಅಂದ್ರು. ಡಂಕೆಲ್ ಯಾರು ಅಂತ ನಂಗೆ ಇವತ್ಗೂ ಗೊತ್ತಿಲ್ಲ. ಬೀಜದ ಮಾತು ತಿಳೀತು.’

ಗ್ಯಾಟ್ ಒಪ್ಪಂದದ ಕರಡಿಗೆ ತನ್ನ ಹೆಸರು ಬಿಟ್ಟುಹೋದ ಆರ್ಥರ್ ಡಂಕೆಲ್ ಸ್ವಿಟ್ಜರ್ಲೆಂಡಿನವನು. ಅಂತರಘಟ್ಟೆ ಸೀಮೆಯ ರಾಗಿ ಕಣದಲ್ಲಿ ಅವನ ಹೆಸರನ್ನು ಬೈಗುಳದಂತೆ ಬಳಕೆಗೆ ತಂದದ್ದು ಸಣ್ಣ ಸಾಧನೆಯಲ್ಲ. 1999ರಲ್ಲಿ ನಂಜುಂಡಸ್ವಾಮಿ ನಾನೂರಕ್ಕೂ ಹೆಚ್ಚು ಭಾರತೀಯ ರೈತರನ್ನು ಯುರೋಪಿಗೇ ಕರೆದೊಯ್ದು ಬಸ್ಸುಗಳಲ್ಲಿ ಸುತ್ತಿಸಿದರು. ಅನುಮತಿಯಿಲ್ಲದೆ ಒಳಬರಬೇಡಿ ಎಂದು ಊರಬಾಗಿಲಲ್ಲಿ ಬರೆಸಿದವರು ಈ ಸಲ ತಾವೇ ಕಂಪನಿಗಳ ಬಾಗಿಲಿಗೆ ಹೋಗಿದ್ದರು.

ಮತಪೆಟ್ಟಿಗೆಯ ವಿಷಯಕ್ಕೆ ಬಂದರೆ ಕಥೆ ಚಿಕ್ಕದು. 1989ರ ಚುನಾವಣೆಯಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡದಿಂದ ಉಪಚುನಾವಣೆಯಲ್ಲಿ ಗೆದ್ದು ಪ್ರೊಫೆಸರ್ ಶಾಸನಸಭೆಗೆ ಹೋದರು. ಲಕ್ಷಗಟ್ಟಲೆ ಜನ ಸೇರಿಸುತ್ತಿದ್ದ ಸಂಘಕ್ಕೆ ಕೈಬೆರಳಿನಷ್ಟೂ ಸ್ಥಾನ ದಕ್ಕಲಿಲ್ಲ. ಮುಂದೆ ಬಾಬಾಗೌಡರು ಬಿಜೆಪಿಗೆ ಹೋಗಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಪ್ರೊಫೆಸರರ ಮಾತೇ ಕೊನೆಯ ಮಾತು ಎಂಬ ದೂರು ಸಂಘದೊಳಗೇ ಬೆಳೆದು ಬಣಗಳಾದವು. ದೂರಿನಲ್ಲಿ ಹುರುಳಿತ್ತು ಎಂದೇ ನನ್ನ ಎಣಿಕೆ. ಅಧಿಕಾರಿ ಅಪ್ಪಣೆ ಕೇಳಬೇಕು ಎಂದವರು ತಮ್ಮ ಸಂಗಾತಿಗಳ ಅಪ್ಪಣೆ ಕೇಳಿದ್ದು ಕಡಿಮೆ.

ಸೋಲಿಗೆ ನಾನು ಜಾತಿ, ದುಡ್ಡು, ಪಕ್ಷದ ಗುರುತು ಎಂದೆಲ್ಲ ಕಾರಣ ಪೋಣಿಸುತ್ತಿದ್ದರೆ ಯಜಮಾನರು ಎತ್ತಿನ ಮೈ ತಿಕ್ಕುತ್ತಲೇ ತಮ್ಮದೊಂದು ಹೇಳಿದರು. ‘ಜಪ್ತಿಗೆ ಬಂದೋರ್ನ ತಡೆಯಾಕೆ ಸಂಘ ಬೇಕಿತ್ತು. ರೇಷನ್ ಕಾರ್ಡು, ಟಿಸಿ, ಬಸ್ಸು ಇವಕ್ಕೆಲ್ಲ ಎಂಎಲ್ಎ ಬೇಕಿತ್ತು. ಸಂಘದೋರು ಯಾರತ್ರಾನೂ ಕೈಮುಗಿದು ಕೇಳೋರಲ್ಲ. ಕೈಮುಗಿದು ಕೇಳೋನು ಒಬ್ಬ ಬೇಕಲ್ಲಪ್ಪಾ?’ ಟಿಸಿ ಎಂದರೆ ಇಲ್ಲಿ ಟ್ರಾನ್ಸ್‌ಫಾರ್ಮರು. ಕೊಳವೆಬಾವಿ ನಂಬಿದ ಅಡಿಕೆ ತೋಟದವರ ಮಟ್ಟಿಗೆ ಅದು ಸುಟ್ಟರೆ ಸರ್ಕಾರ ಬಿದ್ದದ್ದಕ್ಕಿಂತ ದೊಡ್ಡ ಸುದ್ದಿ. ಈಗ ಭದ್ರೆಯ ನೀರು ಅಜ್ಜಂಪುರದ ಹತ್ತಿರದ ಸುಮಾರು 7 ಕಿ.ಮೀ. ಸುರಂಗದಲ್ಲಿ ಹಾದು ಚಿತ್ರದುರ್ಗದ ಕಡೆ ಹರಿಯಬೇಕಾದ ಯೋಜನೆಯ ಬಗ್ಗೆಯೂ ಅವರು ಕೇಳುವುದು ಒಂದೇ, ನಮ್ಮ ಕೆರೆಗೆಷ್ಟು?

ನಂಜುಂಡಸ್ವಾಮಿ 2004ರ ಫೆಬ್ರುವರಿ 3ರಂದು ತೀರಿಕೊಂಡರು. ಹಸಿರು ಶಾಲು ಮಾತ್ರ ಅವರಿಗಿಂತ ಗಟ್ಟಿ. 2018ರಲ್ಲಿ ಯಡಿಯೂರಪ್ಪನವರು ಅದನ್ನೇ ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಇತ್ತ ಸಂಘದೊಳಗಿನ ಕೆ.ಎಸ್. ಪುಟ್ಟಣ್ಣಯ್ಯನವರ ಬಣ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿಕೊಂಡಿತು. 2023ರಲ್ಲಿ ಅವರ ಮಗ ದರ್ಶನ್ ಕಾಂಗ್ರೆಸ್ ಬೆಂಬಲದೊಂದಿಗೆ ಮೇಲುಕೋಟೆಯಲ್ಲಿ ಗೆದ್ದರು. ಆ ಬೆಂಬಲದ ಬಗ್ಗೆ ಪ್ರೊಫೆಸರ್ ಇದ್ದಿದ್ದರೆ ಖಾರವಾದ ಒಂದು ಹೇಳಿಕೆ ಖಂಡಿತ ಕೊಡುತ್ತಿದ್ದರು, ಕೇಳಲು ಹೋದ ವರದಿಗಾರನಿಗೆ ಮೊದಲು ಒಂದಿಷ್ಟು ಪಾಠ ಮಾಡಿ.